ಆಟಿಸಂ ಇರುವ ಮಗು ನಿಮ್ಮ ಕ್ಲಾಸಿನಲ್ಲಿದ್ದರೆ ಏನು ಮಾಡಬೇಕು

ಇದನ್ನು ಸಾಮಾನ್ಯ ಶಾಲೆಯ ಟೀಚರ್‌ಗಳಿಗೆ ಅಂತಲೇ ಬರೆಯುತ್ತಿದ್ದೇನೆ. ವಿಶೇಷ ಶಿಕ್ಷಣದ ತರಬೇತಿ ಸಿಕ್ಕಿಲ್ಲ, ಕ್ಲಾಸಿನ ತುಂಬ ಮಕ್ಕಳು, ಮುಗಿಸಬೇಕಾದ ಪಾಠ ಬೆಟ್ಟದಷ್ಟಿದೆ. ಅದರ ಮಧ್ಯೆ ಒಂದು ಮಗು ಇದ್ದಕ್ಕಿದ್ದಂತೆ ಕಿರುಚುತ್ತದೆ, ಇಲ್ಲವೇ ಬೆಂಚಿನ ಕೆಳಗೆ ಹೋಗಿ ಕೂತುಬಿಡುತ್ತದೆ, ಇಲ್ಲವೇ ಬಾಗಿಲು ತೆರೆದದ್ದೇ ತಡ ಓಡಿಹೋಗುತ್ತದೆ. ಏನು ಮಾಡಬೇಕು ಅಂತ ತೋಚದೆ ಗದರಿಸುತ್ತೀರಿ. ಗದರಿಸಿದರೆ ಇನ್ನೂ ಜಾಸ್ತಿಯಾಗುತ್ತದೆ. ಇದರಲ್ಲಿ ನಿಮ್ಮ ತಪ್ಪೂ ಇಲ್ಲ, ಮಗುವಿನ ತಪ್ಪೂ ಇಲ್ಲ. ನಿಮಗೆ ಯಾರೂ ಎಲ್ಲಿ ನೋಡಬೇಕು ಅಂತ ಹೇಳಿಕೊಟ್ಟಿಲ್ಲ, ಅಷ್ಟೇ.

ಮಗು ಕಿರುಚಿದ ಆ ಹೊತ್ತಿನಲ್ಲಿ ನಿಮ್ಮ ಕೈಯಲ್ಲಿರುವುದು ತುಂಬ ಕಡಿಮೆ. ಅದಕ್ಕಿಂತ ಹತ್ತು ನಿಮಿಷ ಮುಂಚೆ ಬೇಕಾದಷ್ಟು ಇತ್ತು. ಇಲ್ಲಿ ಬರೆದಿರುವುದು ಬಹುಪಾಲು ಆ ಹತ್ತು ನಿಮಿಷದ ಬಗ್ಗೆ.

ಮಗುವಿಗೆ ಕ್ಲಾಸು ಹೇಗಿರುತ್ತದೆ

ಆಟಿಸಂ ಅಂದರೆ ಮಿದುಳಿನ ಬೆಳವಣಿಗೆಯೇ ಬೇರೆ ರೀತಿ ಇರುವುದು, ಅದರಿಂದ ಬೆರೆಯುವುದು, ಮಾತಾಡುವುದು, ಸುತ್ತಲಿನದ್ದನ್ನು ಗ್ರಹಿಸುವುದು ಬೇರೆಯಾಗಿರುತ್ತದೆ. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು 11 ಮಕ್ಕಳನ್ನು ಗಮನಿಸಿ ಇದರ ಬಗ್ಗೆ ಬರೆದರು. ನಿನ್ನೆ ಇದ್ದ ಹಾಗೆಯೇ ಇವತ್ತೂ ಎಲ್ಲ ಇರಬೇಕು ಅನ್ನುವ ಆ ಮಕ್ಕಳ ಹಂಬಲ, ಜೋರು ಶಬ್ದಕ್ಕೆ ಅವರು ಬೆಚ್ಚಿಬೀಳುವುದು, ಎರಡೂ ಆ ಬರಹದಲ್ಲೇ ಇವೆ. ಆದರೆ ಶಬ್ದ, ಬೆಳಕು, ವಾಸನೆ, ಸ್ಪರ್ಶಕ್ಕೆ ಅತಿಯಾಗಿ ಅಥವಾ ತೀರಾ ಕಡಿಮೆ ಸ್ಪಂದಿಸುವುದು ಡಿಎಸ್‌ಎಂ ಎಂಬ ರೋಗನಿರ್ಣಯದ ಕೈಪಿಡಿಯಲ್ಲಿ ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿದ್ದು 2013ರಲ್ಲಿ. 70 ವರ್ಷ ಹಿಡಿಯಿತು. ಹಾಗಿರುವಾಗ ಕಿವಿ ಮುಚ್ಚಿಕೊಂಡು ಕೂತ ಮಗುವನ್ನು ನೋಡಿ ಎಷ್ಟೋ ಟೀಚರ್‌ಗಳು ಈಗಲೂ ಹಠ ಅಂದುಕೊಳ್ಳುತ್ತಾರೆ ಅಂದರೆ ಅದರಲ್ಲಿ ಆಶ್ಚರ್ಯ ಏನೂ ಇಲ್ಲ.

ಒಂದು ಕೆಲಸ ಮಾಡಿ. ಬೇರೆ ಟೀಚರ್ ಪಾಠ ಮಾಡುವಾಗ ಆ ಮಗುವಿನ ಜಾಗದಲ್ಲಿ, ಅಥವಾ ಅದರ ಪಕ್ಕದಲ್ಲಿ, ಸುಮ್ನೆ ಕೂತು ನೋಡಿ. ಫ್ಯಾನಿನ ಕಟಕಟ ಶಬ್ದ, ಮಿಣುಕುವ ಟ್ಯೂಬ್‌ಲೈಟ್, ಪಕ್ಕದ ರೂಮಿನ ಕೋರಸ್ ಓದು, ಹಿಂದಿನ ಬೆಂಚಿನವರು ಕಾಲಿನಿಂದ ಬೆಂಚು ತಟ್ಟುವುದು, ಕಿಟಕಿಯಿಂದ ಕಣ್ಣಿಗೇ ಬೀಳುವ ಬಿಸಿಲು. ನಮ್ಮ ತಲೆ ಇವನ್ನೆಲ್ಲ ಸ್ವಲ್ಪ ಹೊತ್ತಿಗೆ ಬದಿಗೆ ತಳ್ಳಿಬಿಡುತ್ತದೆ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಹಾಗೆ ತಳ್ಳಲು ಆಗುವುದಿಲ್ಲ, ಎಲ್ಲವೂ ಒಂದೇ ಜೋರಿನಲ್ಲಿ ಬರುತ್ತಲೇ ಇರುತ್ತವೆ. ಬೆಳಗಿನ ಪ್ರಾರ್ಥನೆಯಿಂದ ಶುರುವಾದ ಈ ಭಾರ ಗಂಟೆಗಂಟೆಗೂ ಏರುತ್ತಾ ಹೋಗುತ್ತದೆ. ಮಧ್ಯಾಹ್ನ ಯಾರೋ ಪೆನ್ಸಿಲ್ ಎತ್ತಿಕೊಂಡ ಕೂಡಲೇ ಮಗು ಸಿಡಿದರೆ, ಪೆನ್ಸಿಲ್ ಅದರ ಕಾರಣವಲ್ಲ. ಅದು ಕೊನೆಗೆ ಬಂದದ್ದು ಮಾತ್ರ.

ಇನ್ನು ಕೆಲವು ಮಕ್ಕಳದ್ದು ಇದಕ್ಕೆ ತದ್ವಿರುದ್ಧ. ಅವರಿಗೆ ಸಾಮಾನ್ಯ ಮಟ್ಟದ ಸ್ಪರ್ಶ, ಚಲನೆ ಸಾಲುವುದೇ ಇಲ್ಲ. ಕಾಲರ್ ಅಗಿಯುತ್ತಾರೆ, ಮುಂದೆ ಹಿಂದೆ ತೂಗುತ್ತಾರೆ, ಗೋಡೆಗೆ ಒತ್ತಿ ನಿಲ್ಲುತ್ತಾರೆ, ಕೂತಲ್ಲಿ ಕೂರುವುದಿಲ್ಲ. ಒಂದೇ ಮಗುವಿಗೆ ಶಬ್ದ ಜಾಸ್ತಿಯಾಗಿ, ಚಲನೆ ಕಡಿಮೆಯಾಗಿ ಇರುವುದೂ ಉಂಟು. ದೇಹದ ಒಳಗಿನ ಸುದ್ದಿಯೂ ಕೆಲವರಿಗೆ ಸರಿಯಾಗಿ ಮುಟ್ಟುವುದಿಲ್ಲ: ಹಸಿವು, ಬಾಯಾರಿಕೆ, ಟಾಯ್ಲೆಟ್‌ಗೆ ಹೋಗಬೇಕು ಅನ್ನುವುದು ಕೊನೇ ಗಳಿಗೆಯವರೆಗೂ ಗೊತ್ತಾಗುವುದಿಲ್ಲ. ಅದಕ್ಕೇ ನೀರು, ಟಾಯ್ಲೆಟ್ ಎರಡಕ್ಕೂ ಹೊತ್ತು ಗೊತ್ತುಮಾಡಿ, ಮಗು ಕೇಳಲಿ ಅಂತ ಕಾಯದೆ ನೀವೇ ನೆನಪಿಸುವುದು ಒಳ್ಳೆಯದು.

ಬರೆದಿಡಿ, ಆಮೇಲೆ ತೀರ್ಮಾನ ಮಾಡಿ

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪುಟಕ್ಕೆ ಮೂರು ಕಾಲಂ. ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಪಕ್ಕದಲ್ಲಿ ಹೊತ್ತು ಮತ್ತು ಯಾವ ಪೀರಿಯಡ್ ಅನ್ನುವುದು. ಎರಡು ವಾರ ಬರೆದರೆ ಸಾಕು, ಚಿತ್ರ ಮೂಡತೊಡಗುತ್ತದೆ. ಬರೆಯುವಾಗ ಒಂದು ಎಚ್ಚರ: "ಹಠ ಮಾಡಿದ", "ಬೇಕಂತಲೇ ಮಾಡಿದ" ಅಂತ ಬರೆಯಬೇಡಿ. ಅದು ನಿಮ್ಮ ಅಭಿಪ್ರಾಯ, ಕಣ್ಣಿಗೆ ಕಂಡದ್ದಲ್ಲ. "ಪುಸ್ತಕ ನೆಲಕ್ಕೆ ಎಸೆದ, ಎರಡು ಸಲ, ಆಮೇಲೆ ತಲೆ ಬೆಂಚಿಗೆ ಒರಗಿಸಿದ" ಅಂತ ಬರೆಯಿರಿ. ಬೇರೆಯವರು ಓದಿದರೂ ಕಣ್ಣಿಗೆ ಕಟ್ಟಬೇಕು. ಏನೂ ಆಗದ ದಿನವನ್ನೂ ಬರೆಯಿರಿ. ಯಾಕೆಂದರೆ ಆ ದಿನ ಏನು ಬೇರೆ ಇತ್ತು ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ.

ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಸಾಮಾನ್ಯವಾಗಿ ನಾಲ್ಕು ಕಾರಣ ಹುಡುಕುತ್ತಾರೆ. ಮಗು ಏನನ್ನೋ ತಪ್ಪಿಸಿಕೊಳ್ಳುತ್ತಿದೆ, ಯಾವುದೋ ವಸ್ತು ಅಥವಾ ಆಟ ಬೇಕಾಗಿದೆ, ಯಾರದೋ ಗಮನ ಬೇಕಾಗಿದೆ, ಇಲ್ಲವೇ ಆ ಕೆಲಸವೇ ದೇಹಕ್ಕೆ ಹಿತ ಕೊಡುತ್ತಿದೆ. ಸ್ಟಾಫ್‌ರೂಮಿನಲ್ಲಿ ಜಾಸ್ತಿ ಕೇಳಿಬರುವ ಮಾತು "ಎಲ್ಲರೂ ತನ್ನನ್ನೇ ನೋಡಲಿ ಅಂತ ಮಾಡ್ತಾನೆ" ಅನ್ನುವುದು. ನನ್ನ ಪ್ರಕಾರ ಆಟಿಸಂ ಇರುವ ಮಗುವಿನ ವಿಷಯದಲ್ಲಿ ಮೊದಲು ಅನುಮಾನಿಸಬೇಕಾದದ್ದು ತಪ್ಪಿಸಿಕೊಳ್ಳುವುದನ್ನು. ಹಾಗೂ ಗಮನವೇ ಬೇಕಾಗಿದ್ದರೂ ಅದು ಬೈಯುವ ವಿಷಯವಲ್ಲ, ಗಮನ ಬೇಕು ಅನ್ನುವುದು ಯಾವ ಮಗುವಿಗೂ ಇರುವ ಅಗತ್ಯ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಮೂರನೇ ಕ್ಲಾಸಿನ ಹುಡುಗ ಗಣಿತದ ಪೀರಿಯಡ್‌ನಲ್ಲಿ ಪುಸ್ತಕ ಎಸೆಯುತ್ತಾನೆ. ಅವನಿಗೆ ಗಣಿತ ಕಂಡರೆ ಆಗಲ್ಲ ಅಂತ ಎಲ್ಲರೂ ಹೇಳುತ್ತಾರೆ. ನೋಟ್‌ಬುಕ್ ನೋಡಿದರೆ ಬೇರೆಯೇ ಕಾಣುತ್ತದೆ. ಬಾಯಿಲೆಕ್ಕ ಕೇಳಿದ ದಿನ ಏನೂ ಆಗಿಲ್ಲ, ಕೈ ಎತ್ತಿ ಉತ್ತರ ಬೇರೆ ಹೇಳಿದ್ದಾನೆ. ಬೋರ್ಡಿನಿಂದ ಲೆಕ್ಕ ಬರೆದುಕೊಳ್ಳಿ ಅಂದ ದಿನವೆಲ್ಲ ಎಸೆದಿದ್ದಾನೆ. ಸಮಾಜದ ಪಾಠದಲ್ಲೂ ಒಮ್ಮೆ ಎಸೆದಿದ್ದಾನೆ, ಅವತ್ತೂ ಬೋರ್ಡಿನಿಂದ ಬರೆದುಕೊಳ್ಳುವುದಿತ್ತು. ಅಂದರೆ ಕಷ್ಟ ಇರುವುದು ಲೆಕ್ಕದಲ್ಲಲ್ಲ, ತಲೆ ಎತ್ತಿ ನೋಡಿ, ಸಾಲು ನೆನಪಿಟ್ಟುಕೊಂಡು, ಮತ್ತೆ ಪುಸ್ತಕಕ್ಕೆ ಇಳಿಸಿ, ಕೈ ನೋಯಿಸಿಕೊಂಡು ಬರೆಯುವುದರಲ್ಲಿ. ಈಗ ಮೂರನೇ ಕಾಲಂ ನೋಡಿ. ಎಸೆದ ಮೇಲೆ ಏನಾಗುತ್ತಿದೆ? ಹೊರಗೆ ನಿಲ್ಲಿಸುತ್ತಿದ್ದಾರೆ. ಹೊರಗೆ ಹೋದ ಕೂಡಲೇ ಬರೆಯುವ ಕಷ್ಟ ತಪ್ಪಿತು. ನೀವು ಶಿಕ್ಷೆ ಅಂದುಕೊಂಡದ್ದು ಅವನಿಗೆ ಬಿಡುಗಡೆ. ಪುಸ್ತಕ ಎಸೆದರೆ ಬಿಡುಗಡೆ ಸಿಗುತ್ತದೆ ಅಂತ ದಿನಾ ಅವನಿಗೆ ಪಾಠ ಆಗುತ್ತಿದೆ. ಹೊರಗೆ ನಿಲ್ಲಿಸುವುದು ಎಷ್ಟೋ ಶಾಲೆಗಳಲ್ಲಿ ಯೋಚನೆಯೇ ಇಲ್ಲದೆ ನಡೆಯುವ ಅಭ್ಯಾಸ, ಈ ಒಂದನ್ನು ನಿಲ್ಲಿಸಿದರೂ ಎಷ್ಟೋ ಬದಲಾಗುತ್ತದೆ.

ಹಾಗಾದರೆ ಏನು ಮಾಡುವುದು? ಎರಡು ಕಡೆಯಿಂದ ಕೆಲಸ. ಒಂದು, ಕಷ್ಟವನ್ನು ತಗ್ಗಿಸಿ: ಲೆಕ್ಕಗಳನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ, ಅವನು ಉತ್ತರ ಮಾತ್ರ ಬರೆಯಲಿ. ನೀವು ಅಳೆಯಬೇಕಾದದ್ದು ಗಣಿತ, ಕೈಬರಹವಲ್ಲ ಅಲ್ವಾ? ಎರಡು, ಎಸೆಯುವ ಬದಲು ಹೇಳುವ ದಾರಿ ಕಲಿಸಿ.

ಬದಲಿ ಮಾತು ಕಲಿಸುವುದು

1985ರಲ್ಲಿ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡುರಾಂಡ್ ಎಂಬ ಸಂಶೋಧಕರು ಬೆಳವಣಿಗೆಯ ತೊಂದರೆ ಇದ್ದ ನಾಲ್ಕು ಮಕ್ಕಳಿಗೆ ಇದನ್ನೇ ಮಾಡಿ ನೋಡಿದರು. ಕೆಲಸ ಕಷ್ಟವಾದಾಗ ಕೆರಳುವ ಮಗುವಿಗೆ "ನನಗೆ ಅರ್ಥ ಆಗ್ತಿಲ್ಲ" ಅಂತ ಹೇಳಲು, ಗಮನ ಸಿಗದೆ ಕೆರಳುವ ಮಗುವಿಗೆ "ನಾನು ಚೆನ್ನಾಗಿ ಮಾಡ್ತಿದ್ದೀನಾ?" ಅಂತ ಕೇಳಲು ಕಲಿಸಿದರು. ವರ್ತನೆ ಇಳಿಯಿತು. ಇದರಲ್ಲಿ ಮುಖ್ಯವಾದ ವಿಷಯ ಇನ್ನೊಂದಿದೆ. ಕಾರಣಕ್ಕೆ ಹೊಂದದ ಮಾತು ಕಲಿಸಿದಾಗ ವರ್ತನೆ ಇಳಿಯಲಿಲ್ಲ. ಸಹಾಯ ಬೇಕಾದ ಮಗುವಿಗೆ ಗಮನ ಕೇಳುವ ಮಾತು ಕೊಟ್ಟರೆ ಉಪಯೋಗವಿಲ್ಲ. ಅದಕ್ಕೇ ನೋಟ್‌ಬುಕ್ ಮೊದಲು ಅಂದದ್ದು.

ಮಾತು ಬಾಯಿಂದಲೇ ಬರಬೇಕು ಅಂತಿಲ್ಲ. ಒಂದು ಕಾರ್ಡ್, ಬೆಂಚಿನ ಮೇಲೆ ಅಂಟಿಸಿದ ಚಿತ್ರ, ಕೈಸನ್ನೆ, ಟ್ಯಾಬ್ಲೆಟ್, ಯಾವುದಾದರೂ ಸರಿ. ಚೆನ್ನಾಗಿ ಮಾತಾಡುವ ಮಕ್ಕಳಿಗೂ ಕಾರ್ಡ್ ಬೇಕಾಗುತ್ತದೆ, ಯಾಕೆಂದರೆ ತಲೆ ಬಿಸಿಯಾದಾಗ ಮೊದಲು ಕೈಕೊಡುವುದು ಮಾತೇ. ಚಿತ್ರ, ಟ್ಯಾಬ್ಲೆಟ್ ಕೊಟ್ಟರೆ ಮಗು ಮಾತು ಕಲಿಯುವುದೇ ಇಲ್ಲ ಅನ್ನುವ ಭಯ ಅಪ್ಪ ಅಮ್ಮಂದಿರಲ್ಲಿ ಇರುತ್ತದೆ. ಇದರ ಬಗ್ಗೆ ಆವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2006ರ ಒಂದು ವಿಮರ್ಶೆಯಲ್ಲಿ ಮಾತು ಕಡಿಮೆಯಾದದ್ದು ಕಾಣಲಿಲ್ಲ, ಹೆಚ್ಚಿನವರಲ್ಲಿ ಒಂದಿಷ್ಟು ಬೆಳೆದದ್ದೇ ಕಂಡಿತು. ಧೈರ್ಯವಾಗಿ ಕೊಡಿ.

ಕಲಿಸುವುದು ಮಗು ಶಾಂತವಾಗಿದ್ದಾಗ. ಕಿರುಚುತ್ತಿರುವಾಗ ಕಾರ್ಡ್ ಹಿಡಿದು "ಇದನ್ನು ತೋರಿಸು, ತೋರಿಸು" ಅಂದರೆ ಕಾರ್ಡಿನ ಮೇಲೇ ಸಿಟ್ಟು ಬರುತ್ತದೆ. ಸುಲಭದ ಕೆಲಸದ ಮಧ್ಯೆ ನೀವೇ ಕೈಹಿಡಿದು ತೋರಿಸಿಕೊಡಿ: ಕಾರ್ಡ್ ಮುಟ್ಟು, ಕೂಡಲೇ ಎರಡು ನಿಮಿಷ ಬಿಡುವು. ಮುಟ್ಟು, ಬಿಡುವು. ಮೊದಮೊದಲು ಪ್ರತಿ ಸಲವೂ, ತಕ್ಷಣವೂ ಸಿಗಬೇಕು. "ಈಗಷ್ಟೇ ಹೋಗಿ ಬಂದೆಯಲ್ಲ, ಸುಮ್ನೆ ಕೂರು" ಅಂತ ಒಂದೆರಡು ಸಲ ಅಂದರೆ ಮಗುವಿಗೆ ಅರ್ಥವಾಗುವುದು ಒಂದೇ, ಕಾರ್ಡ್ ಕೆಲಸ ಮಾಡುವುದಿಲ್ಲ, ಎಸೆಯುವುದು ಕೆಲಸ ಮಾಡುತ್ತದೆ. ದಿನವಿಡೀ ಕಾರ್ಡ್ ತೋರಿಸುತ್ತಲೇ ಇದ್ದರೆ ಪಾಠದ ಗತಿ ಏನು ಅಂತ ನೀವು ಕೇಳಬಹುದು. ಮೊದಲ ವಾರಗಳಲ್ಲಿ ಹಾಗೆ ಆಗಬಹುದು, ಆಗಲಿ. ಅದು ನೆಲೆಯಾದ ಮೇಲೆ "ಇನ್ನೊಂದು ಲೆಕ್ಕ, ಆಮೇಲೆ ಬಿಡುವು" ಅಂತ ನಿಧಾನವಾಗಿ ಎಳೆಯಿರಿ, ಆಮೇಲೆ ಎರಡು ಲೆಕ್ಕ. ಹಾಗೆ ಕೇಳುವುದು ತಾನಾಗಿ ಕಡಿಮೆಯಾಗುತ್ತದೆ, ಬೇಕಾದಾಗ ಸಿಗುತ್ತದೆ ಅನ್ನುವ ನಂಬಿಕೆ ಬಂದರೆ ಪದೇ ಪದೇ ಕೇಳುವ ಅಗತ್ಯ ಇರುವುದಿಲ್ಲ.

ಬಿಡುವನ್ನು ಬಹುಮಾನ ಮಾಡಬೇಡಿ. ಐದು ಲೆಕ್ಕ ಮುಗಿಸಿದರೆ ಮಾತ್ರ ನೀರು, ಚೆನ್ನಾಗಿ ನಡೆದುಕೊಂಡರೆ ಮಾತ್ರ ಹೆಡ್‌ಫೋನ್ ಅನ್ನುವುದು ಸರಿಯಲ್ಲ. ಕನ್ನಡಕ ಇರುವ ಮಗುವಿಗೆ ಒಳ್ಳೆಯ ಮಗುವಾಗಿದ್ದರೆ ಮಾತ್ರ ಕನ್ನಡಕ ಕೊಡುತ್ತೇನೆ ಅನ್ನುತ್ತೇವಾ?

ಒಂದು ಮುನ್ನೆಚ್ಚರಿಕೆ. ಇಷ್ಟು ದಿನ ಕೆಲಸ ಮಾಡುತ್ತಿದ್ದ ವರ್ತನೆ ಇದ್ದಕ್ಕಿದ್ದಂತೆ ಕೆಲಸ ಮಾಡದೇ ಹೋದರೆ ಅದು ಇಳಿಯುವ ಮುಂಚೆ ಸ್ವಲ್ಪ ದಿನ ಏರಬಹುದು. ಆಗ ಹೆದರಿ ಯೋಜನೆಯನ್ನೇ ಬಿಟ್ಟರೆ, ಇನ್ನೂ ಜೋರಾಗಿ ಮಾಡಿದರೆ ಸಿಗುತ್ತದೆ ಅಂತ ಕಲಿಸಿದ ಹಾಗಾಗುತ್ತದೆ. ಆದರೆ ಮಗುವಿಗೆ ಹೊಸ ದಾರಿ ನಿಜವಾಗಿಯೂ ಕೈಗೆ ಸಿಕ್ಕಿದೆಯಾ ಅಂತ ಮೊದಲು ನೋಡಿ. ಸಿಕ್ಕಿಲ್ಲದಿದ್ದರೆ ಹಳೆಯದನ್ನು ಕಿತ್ತುಕೊಳ್ಳಲು ನಮಗೆ ಹಕ್ಕಿಲ್ಲ.

ಕ್ಲಾಸಿನಲ್ಲಿ ಬದಲಿಸಬಹುದಾದದ್ದು

ಕೂರುವ ಜಾಗ ಮೊದಲು. ಎಲ್ಲರೂ ಮೊದಲ ಬೆಂಚು ಅನ್ನುತ್ತಾರೆ, ನಾನು ಒಪ್ಪುವುದಿಲ್ಲ. ಮೊದಲ ಬೆಂಚಿನಲ್ಲಿ ಕೂತರೆ ಹಿಂದಿನಿಂದ ಬರುವ ಪ್ರತಿ ಶಬ್ದವೂ ಕಾಣದ ಶಬ್ದ, ತಿರುಗಿ ತಿರುಗಿ ನೋಡುವುದರಲ್ಲೇ ಪೀರಿಯಡ್ ಮುಗಿಯುತ್ತದೆ. ಗೋಡೆಗೆ ಬೆನ್ನಿರುವ, ಬಾಗಿಲಿನ ಓಡಾಟದಿಂದ ದೂರದ ಜಾಗ ಎಷ್ಟೋ ಮಕ್ಕಳಿಗೆ ಹೊಂದುತ್ತದೆ. ಮಗುವನ್ನೇ ಕೇಳಿ, ಎರಡು ಮೂರು ಜಾಗದಲ್ಲಿ ಕೂರಿಸಿ ನೋಡಿ. ಒಮ್ಮೆ ಗೊತ್ತಾದ ಮೇಲೆ ಅದನ್ನು ಪದೇ ಪದೇ ಬದಲಿಸಬೇಡಿ.

ದಿನದ ಪಟ್ಟಿ ಕಣ್ಣಿಗೆ ಕಾಣುವಂತಿರಲಿ. 1972ರಲ್ಲಿ ಎರಿಕ್ ಶಾಪ್ಲರ್ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಆಟಿಸಂ ಇರುವವರಿಗಾಗಿ ಶುರುಮಾಡಿದ ಟೀಚ್ ಎಂಬ ಕಾರ್ಯಕ್ರಮದಿಂದ ಬೆಳೆದ ಮುಖ್ಯ ಪಾಠ ಇದು: ಮಾತು ಆಡಿದ ಕೂಡಲೇ ಮಾಯವಾಗುತ್ತದೆ, ಚಿತ್ರ ಮತ್ತು ಬರಹ ಅಲ್ಲೇ ಉಳಿಯುತ್ತವೆ. ಬೆಂಚಿನ ಮೂಲೆಯಲ್ಲಿ ಒಂದು ಪಟ್ಟಿ, ಓದು ಬರದಿದ್ದರೆ ಚಿತ್ರ, ಮುಗಿದದ್ದಕ್ಕೆ ಗೀಟು. ಬದಲಾವಣೆ ಇದ್ದರೆ, ಇವತ್ತು ಆಟದ ಪೀರಿಯಡ್ ಇಲ್ಲ, ಬೇರೆ ಟೀಚರ್ ಬರುತ್ತಾರೆ, ಹಾಗಿದ್ದರೆ ಬೆಳಿಗ್ಗೆಯೇ ಪಟ್ಟಿಯಲ್ಲಿ ತೋರಿಸಿ. ಬರೇ "ಆಟ ಇಲ್ಲ" ಅಂತ ಹೊಡೆದುಹಾಕಿದರೆ ಸಾಲದು, ಅದರ ಜಾಗದಲ್ಲಿ ಏನಿದೆ, ಆಟ ಮತ್ತೆ ಯಾವತ್ತು ಅಂತಲೂ ಬರೆಯಿರಿ. ಇಡೀ ಕ್ಲಾಸಿಗೇ ಒಂದು ಪಟ್ಟಿ ಬೋರ್ಡಿನ ಮೂಲೆಯಲ್ಲಿ ಬರೆದರೆ ಇನ್ನೂ ಒಳ್ಳೆಯದು, ಎಲ್ಲ ಮಕ್ಕಳಿಗೂ ಅನುಕೂಲ.

ಒಂದರಿಂದ ಇನ್ನೊಂದಕ್ಕೆ ದಾಟುವ ಹೊತ್ತು, ಬೆಲ್ ಹೊಡೆದಾಗ, ಲೈನ್ ನಿಲ್ಲುವಾಗ, ಊಟದ ಬಿಡುವು ಮುಗಿದಾಗ, ಇವು ಅತಿ ಕಷ್ಟದ ಹೊತ್ತುಗಳು. ಮಗು ಮಾಡುತ್ತಿರುವುದರಲ್ಲಿ ಪೂರ್ತಿ ಮುಳುಗಿರುತ್ತದೆ, ಅಲ್ಲಿಂದ ಕಿತ್ತುಕೊಂಡು ಬರುವುದಕ್ಕೆ ಸಮಯ ಬೇಕು. ಐದು ನಿಮಿಷ ಇದೆ, ಎರಡು ನಿಮಿಷ ಇದೆ ಅಂತ ಹೇಳಿ, ಗಡಿಯಾರವೋ ಮರಳಿನ ಟೈಮರೋ ತೋರಿಸಿ. ಬೆಲ್ ಶಬ್ದವೇ ಭಯವಾದರೆ ಹೊಡೆಯುವ ಮುಂಚೆ ಮೆಲ್ಲಗೆ ಹೇಳಿ, ಕಿವಿ ಮುಚ್ಚಿಕೊಳ್ಳಲಿ. ಲೈನಿನಲ್ಲಿ ಮಧ್ಯೆ ನಿಂತರೆ ಮುಂದಿನವರು ಹಿಂದಿನವರು ಇಬ್ಬರೂ ತಾಗುತ್ತಾರೆ, ಮೊದಲಿಗೆ ಅಥವಾ ಕೊನೆಗೆ ನಿಲ್ಲಿಸಿ.

ನೀವು ಮಾತಾಡುವ ರೀತಿಯೂ ಇದರಲ್ಲೇ ಬರುತ್ತದೆ. "ಎಲ್ಲರೂ ಪುಸ್ತಕ ತೆಗೀರಿ" ಅಂದರೆ ಎಲ್ಲರೂ ಅನ್ನುವುದರಲ್ಲಿ ತಾನೂ ಇದ್ದೇನೆ ಅಂತ ಮಗುವಿಗೆ ಹೊಳೆಯದೇ ಇರಬಹುದು. ಹತ್ತಿರ ಹೋಗಿ, ಹೆಸರು ಹೇಳಿ, ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಹೇಳಿ ಕಾಯಿರಿ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಕಾಯದೆ ಅದನ್ನೇ ಬೇರೆ ಪದಗಳಲ್ಲಿ ಮತ್ತೆ ಹೇಳಿದರೆ ಮಗು ಅರ್ಥ ಮಾಡಿಕೊಳ್ಳುವುದನ್ನು ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಏನು ಮಾಡಬಾರದು ಅನ್ನುವುದಕ್ಕಿಂತ ಏನು ಮಾಡಬೇಕು ಅಂತ ಹೇಳಿ, "ಓಡಬೇಡ" ಬದಲು "ನಡೆದು ಬಾ". "ಕಿವಿ ಎಲ್ಲಿಟ್ಟಿದ್ದೀಯ?" ಅಂತ ಕೇಳಿದರೆ ಮಗು ಕಿವಿ ಮುಟ್ಟಿ ತೋರಿಸಬಹುದು, ಅದು ಅಣಕವಲ್ಲ, ನೀವು ಕೇಳಿದ್ದಕ್ಕೆ ಉತ್ತರ. "ಒಂದು ನಿಮಿಷ ಬಂದೆ" ಅಂದು ಹತ್ತು ನಿಮಿಷ ಬಿಟ್ಟು ಬಂದರೆ ಮಗುವಿನ ಪಾಲಿಗೆ ನೀವು ಸುಳ್ಳು ಹೇಳಿದಿರಿ.

ಹಾಗೇ ಬಿಡಬೇಕಾದದ್ದು

ಕೈ ಬೀಸುವುದು, ತೂಗುವುದು, ಬೆರಳಾಡಿಸುವುದು, ಗುನುಗುವುದು, ಇವಕ್ಕೆ ಸ್ಟಿಮ್ಮಿಂಗ್ ಅನ್ನುತ್ತಾರೆ. ಮಗು ತನ್ನನ್ನು ತಾನು ಸಮಾಧಾನ ಮಾಡಿಕೊಳ್ಳುವ ದಾರಿ ಅದು. ಕೆಲವೊಮ್ಮೆ ಖುಷಿಗೂ ಮಾಡುತ್ತದೆ. "ಕೈ ಕಟ್ಟಿ ಕೂರು" ಅಂದರೆ ಕೈ ಕಟ್ಟಿ ಕೂರುವುದಕ್ಕೇ ಮಗುವಿನ ಎಲ್ಲ ಶಕ್ತಿ ಹೋಗುತ್ತದೆ, ಪಾಠಕ್ಕೆ ಏನೂ ಉಳಿಯುವುದಿಲ್ಲ. ತನಗೋ ಬೇರೆಯವರಿಗೋ ಗಾಯವಾಗುವಂತಿದ್ದರೆ ಮಾತ್ರ ಕೈ ಹಾಕಿ, ಆಗಲೂ ನಿಲ್ಲಿಸುವ ಬದಲು ಅದೇ ಹಿತ ಕೊಡುವ ಬೇರೆಯದನ್ನು ಕೊಡಿ: ಕೈ ಕಚ್ಚುವ ಮಗುವಿಗೆ ಅಗಿಯುವ ರಬ್ಬರ್, ಬೆಂಚು ಗುದ್ದುವ ಮಗುವಿಗೆ ಹಿಸುಕುವ ಚೆಂಡು.

ಕಣ್ಣಲ್ಲಿ ಕಣ್ಣಿಟ್ಟು ನೋಡು ಅಂತ ಒತ್ತಾಯ ಮಾಡಬೇಡಿ. ಕಣ್ಣು ನೋಡುವುದು ಮತ್ತು ಕೇಳಿಸಿಕೊಳ್ಳುವುದು ಎರಡನ್ನೂ ಒಟ್ಟಿಗೆ ಮಾಡಲು ಆಗದ ಮಕ್ಕಳಿದ್ದಾರೆ, ಅವರು ಕಿಟಕಿ ಕಡೆ ನೋಡುತ್ತಾ ನಿಮ್ಮ ಮಾತು ಪೂರ್ತಿ ಕೇಳಿಸಿಕೊಂಡಿರುತ್ತಾರೆ. ನೀವು ಹೇಳಿದ್ದನ್ನೇ ಮಗು ತಿರುಗಿ ಹೇಳಿದರೂ ಅದು ಅಣಕವಲ್ಲ. ಎಲ್ಲೋ ಕೇಳಿದ ವಾಕ್ಯವನ್ನು ಈಗ ಹೇಳುತ್ತಿದ್ದರೆ, ಅದನ್ನು ಮೊದಲು ಕೇಳಿದಾಗ ಏನಾಗಿತ್ತು ಅಂತ ಮನೆಯವರನ್ನು ಕೇಳಿ. ಬಿದ್ದು ಗಾಯವಾದ ದಿನ ಕೇಳಿದ ವಾಕ್ಯವನ್ನು ಈಗ ಹೇಳುತ್ತಿದ್ದರೆ ಎಲ್ಲೋ ನೋಯುತ್ತಿದೆ ಅಂತಲೂ ಇರಬಹುದು.

ಮಗುವಿಗೆ ಒಂದೇ ವಿಷಯದ ಹುಚ್ಚು ಇರುತ್ತದೆ, ರೈಲು, ಗ್ರಹ, ಲಿಫ್ಟು, ಭೂಪಟ. ಅದನ್ನು ಬಿಡಿಸಲು ಹೋಗಬೇಡಿ, ಅದರ ಮೂಲಕ ಒಳಗೆ ಹೋಗಿ. ಕೂಡುವ ಲೆಕ್ಕ ಬೋಗಿಗಳಲ್ಲಿ ಆಗಲಿ, ಪ್ರಬಂಧ ಶನಿಗ್ರಹದ ಮೇಲೆ ಇರಲಿ. ಹೊಗಳುವಾಗ ಏನು ಚೆನ್ನಾಗಿತ್ತು ಅಂತ ಹೇಳಿ: "ಬೆಲ್ ಹೊಡೆದಾಗ ಕಿವಿ ಮುಚ್ಚಿಕೊಂಡು ಕೂತೆ, ಅದು ಒಳ್ಳೆಯ ಉಪಾಯ." ಇಡೀ ಕ್ಲಾಸು ಚಪ್ಪಾಳೆ ತಟ್ಟುವುದು ಕೆಲವು ಮಕ್ಕಳಿಗೆ ಶಿಕ್ಷೆಯೇ, ಮೆಲ್ಲಗೆ ಹೇಳಿದರೆ ಸಾಕು.

ಸಿಡಿದಾಗ

ರಂಪಕ್ಕೂ ಮೆಲ್ಟ್‌ಡೌನ್‌ಗೂ ವ್ಯತ್ಯಾಸ ಇದೆ. ರಂಪ ಮಾಡುವ ಮಗು ನೀವು ನೋಡುತ್ತಿದ್ದೀರಾ ಅಂತ ನೋಡುತ್ತದೆ, ಬೇಕಾದದ್ದು ಸಿಕ್ಕರೆ ನಿಲ್ಲಿಸುತ್ತದೆ. ಮೆಲ್ಟ್‌ಡೌನ್ ಆದ ಮಗುವಿಗೆ ತನ್ನ ಮೇಲೆ ಹಿಡಿತವೇ ಇರುವುದಿಲ್ಲ, ಬೇಕು ಅಂದದ್ದನ್ನು ಕೊಟ್ಟರೂ ನಿಲ್ಲುವುದಿಲ್ಲ. ಕೆಲವು ಮಕ್ಕಳು ಸಿಡಿಯುವ ಬದಲು ಮುಚ್ಚಿಕೊಂಡುಬಿಡುತ್ತಾರೆ, ಮಾತಿಲ್ಲ, ಅಲುಗಾಟವಿಲ್ಲ, ಕರೆದರೆ ಉತ್ತರವಿಲ್ಲ. ಅದೂ ಅಷ್ಟೇ ಗಂಭೀರ, ಸದ್ದಿಲ್ಲದ್ದರಿಂದ ಕಣ್ಣಿಗೆ ಬೀಳುವುದಿಲ್ಲ.

ಸಿಡಿಯುವ ಮುಂಚೆ ಗುರುತು ಸಿಗುತ್ತದೆ. ಕಿವಿ ಕೆಂಪಾಗುವುದು, ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳುವುದು, ತೂಗುವ ವೇಗ ಏರುವುದು, ದನಿ ಎತ್ತರವಾಗುವುದು. ಪ್ರತಿ ಮಗುವಿನದ್ದೂ ಬೇರೆ, ನಿಮ್ಮ ನೋಟ್‌ಬುಕ್ಕಿನಲ್ಲಿ ಇರುತ್ತದೆ. ಆಗಲೇ ಕೆಲಸ ಪಕ್ಕಕ್ಕಿಡಿ. ಬಿಡುವಿನ ಕಾರ್ಡ್ ತೋರಿಸಿ, ಅಥವಾ ಆಫೀಸಿಗೆ ಒಂದು ಪುಸ್ತಕ ಕೊಟ್ಟು ಬಾ ಅಂತ ಕಳಿಸಿ, ನಡೆದು ಬಂದರೆ ಅರ್ಧ ಇಳಿಯುತ್ತದೆ.

ಆ ಹಂತ ದಾಟಿದರೆ ನಿಮ್ಮ ಕೆಲಸ ಕಡಿಮೆ ಮಾಡುವುದು. ಮಾತು ಕಡಿಮೆ, ಜನ ಕಡಿಮೆ, ಬೆಳಕು ಶಬ್ದ ಕಡಿಮೆ. ಎದುರಿಗೆ ನಿಂತು ದಿಟ್ಟಿಸಬೇಡಿ, ಪಕ್ಕಕ್ಕೆ ಸರಿದು, ಸಾಧ್ಯವಾದರೆ ಕೂತು, ಒಂದೆರಡು ಪದದಲ್ಲಿ ಮೆಲ್ಲಗೆ ಹೇಳಿ: "ನಾನಿಲ್ಲೇ ಇದ್ದೀನಿ." ಯಾಕೆ ಹೀಗೆ ಮಾಡಿದೆ ಅಂತ ಕೇಳುವುದು, ಅಮ್ಮನಿಗೆ ಹೇಳುತ್ತೇನೆ ಅನ್ನುವುದು, ಕ್ಷಮೆ ಕೇಳು ಅನ್ನುವುದು, ಯಾವುದೂ ಆಗ ತಲೆಗೆ ಹೋಗುವುದಿಲ್ಲ. ಮಗುವನ್ನು ಎಳೆದುಕೊಂಡು ಹೋಗುವುದಕ್ಕಿಂತ ಉಳಿದ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುವುದು ಎಷ್ಟೋ ಸಲ ಸುಲಭ. ಅದಕ್ಕೆ ಮುಂಚೆಯೇ ಪಕ್ಕದ ಕ್ಲಾಸಿನ ಟೀಚರ್ ಜೊತೆ ಮಾತಾಡಿ ಇಟ್ಟುಕೊಳ್ಳಿ, ಒಂದು ಸನ್ನೆ ಸಾಕಾಗಬೇಕು. ಹಿಡಿದು ಅದುಮುವುದು ಬೇಡ. ರಸ್ತೆಗೆ ಓಡುವುದು, ಮೇಲಿನಿಂದ ಹಾರುವುದು ಹೀಗೆ ಪ್ರಾಣಕ್ಕೆ ಅಪಾಯ ಇದ್ದಾಗ ತಡೆಯಲೇಬೇಕು, ಅದೂ ಅಪಾಯ ತಪ್ಪುವಷ್ಟು ಹೊತ್ತು ಮಾತ್ರ.

ಇಳಿದ ಮೇಲೆ ಮಗು ಸುಸ್ತಾಗಿರುತ್ತದೆ. ಶಾಂತವಾಗಿ ಕಂಡರೂ ಒಳಗೆ ಪೂರ್ತಿ ತಣ್ಣಗಾಗಿರುವುದಿಲ್ಲ, ಈಗ ಮತ್ತೆ ಅದೇ ಲೆಕ್ಕ ಕೊಟ್ಟರೆ ಮತ್ತೆ ಸಿಡಿಯಬಹುದು. ನೀರು ಕೊಡಿ, ಸುಲಭದ ಏನಾದರೂ ಕೊಡಿ. ಮಾತಾಡುವುದಿದ್ದರೆ ಮರುದಿನ, ಬೈಗುಳವಿಲ್ಲದೆ, ಚಿತ್ರ ಬರೆದು: ಹೀಗಾಯಿತು, ಆಗ ನಿನಗೆ ಹೀಗನ್ನಿಸಿತಾ, ಮುಂದಿನ ಸಲ ಏನು ಮಾಡಬಹುದು.

ಇದ್ದಕ್ಕಿದ್ದಂತೆ ಬದಲಾದರೆ

ತಿಂಗಳುಗಟ್ಟಲೆ ಚೆನ್ನಾಗಿದ್ದ ಮಗು ಒಂದು ವಾರದಲ್ಲಿ ಬದಲಾದರೆ ಮೊದಲು ದೇಹ ನೋಡಿ. ಹಲ್ಲುನೋವು, ಕಿವಿನೋವು, ಮಲಬದ್ಧತೆ, ನಿದ್ದೆಗೇಡು, ಹೊಸ ಔಷಧಿ. ನೋಯುತ್ತಿದೆ ಅಂತ ಹೇಳಲು ಬಾರದ ಮಗು ತಲೆ ಚಚ್ಚಿಕೊಂಡು ಹೇಳಬಹುದು. ಆಟಿಸಂ ಇರುವವರಲ್ಲಿ ಫಿಟ್ಸ್ ಬರುವ ಸಂಭವವೂ ಉಳಿದವರಿಗಿಂತ ಜಾಸ್ತಿ, ಹಾಗಾಗಿ ಮಗು ಕೆಲವು ಕ್ಷಣ ದಿಟ್ಟಿಸುತ್ತಾ ಕಳೆದುಹೋದಂತೆ ಪದೇ ಪದೇ ಕಂಡರೆ ಮನೆಯವರಿಗೆ ಹೇಳಿ, ವೈದ್ಯರಿಗೆ ತೋರಿಸಲಿ. ಯಾರಾದರೂ ಕಾಡಿಸುತ್ತಿದ್ದಾರಾ ಅನ್ನುವುದನ್ನೂ ನೋಡಲೇಬೇಕು, ಟಾಯ್ಲೆಟ್, ಬಸ್ಸು, ಆಟದ ಮೈದಾನ, ಟೀಚರ್‌ಗಳ ಕಣ್ಣು ತಲುಪದ ಜಾಗಗಳಲ್ಲಿ.

ಇನ್ನೊಂದು ಬಗೆಯ ಮಗು ಇದೆ, ನಿಮಗೆ ಯಾವ ತೊಂದರೆಯನ್ನೂ ಕೊಡದ ಮಗು. ಹೆಚ್ಚಾಗಿ ಹುಡುಗಿಯರು. ಬೇರೆ ಮಕ್ಕಳನ್ನು ನೋಡಿ ನಕಲು ಮಾಡಿ, ನಕ್ಕಾಗ ನಕ್ಕು, ದಿನವಿಡೀ ಬಿಗಿಹಿಡಿದು, ಮನೆಗೆ ಹೋದ ಕೂಡಲೇ ಕುಸಿದು ಅಳುತ್ತಾರೆ. ತಾಯಿ ಬಂದು ಮನೆಯಲ್ಲಿ ತುಂಬ ಕಷ್ಟ ಅಂದರೆ "ಇಲ್ಲಿ ಚೆನ್ನಾಗೇ ಇರ್ತಾಳಲ್ಲ" ಅಂತ ಕಳಿಸಿಬಿಡಬೇಡಿ. ಆ ತಾಯಿ ಹೇಳುತ್ತಿರುವುದು ನಿಮ್ಮ ಕ್ಲಾಸಿನ ಬಗ್ಗೆಯೇ.

ಮನೆಯವರು, ಉಳಿದ ಮಕ್ಕಳು

ಮನೆಯವರನ್ನು ವರ್ಷದ ಮೊದಲ ವಾರವೇ ಕರೆದು ಮಾತಾಡಿ. ಯಾವುದಕ್ಕೆ ಹೆದರುತ್ತದೆ, ಯಾವುದರಿಂದ ಸಮಾಧಾನವಾಗುತ್ತದೆ, ಟಾಯ್ಲೆಟ್ ಬೇಕಾದರೆ ಹೇಗೆ ಹೇಳುತ್ತದೆ. ಫೋನು ಬಂತು ಅಂದರೆ ದೂರೇ ಅನ್ನುವ ಹಾಗಾದರೆ ಅವರು ಫೋನು ಎತ್ತುವುದನ್ನೇ ನಿಲ್ಲಿಸುತ್ತಾರೆ. ಒಳ್ಳೆಯದಾದ ದಿನವೂ ಎರಡು ಸಾಲು ಬರೆದು ಕಳಿಸಿ. ರಾತ್ರಿ ನಿದ್ದೆ ಮಾಡಿಲ್ಲ ಅನ್ನುವಂಥ ವಿಷಯ ಬೆಳಿಗ್ಗೆಯೇ ನಿಮಗೆ ತಿಳಿಯುವಂತಾದರೆ ಆ ದಿನದ ಪಾಠವನ್ನು ಹಗುರ ಮಾಡಬಹುದು.

"ಅವನಿಗೆ ಮಾತ್ರ ಯಾಕೆ ಹೆಡ್‌ಫೋನ್?" ಅಂತ ಮಕ್ಕಳು ಕೇಳುತ್ತಾರೆ. ನೇರವಾಗಿ ಹೇಳಿ: ಅವನಿಗೆ ಶಬ್ದ ನಮಗಿಂತ ಜೋರಾಗಿ ಕೇಳುತ್ತದೆ, ನೋವಾಗುತ್ತದೆ, ಅದಕ್ಕೆ. ಆಟಿಸಂ ಅನ್ನುವ ಹೆಸರನ್ನು ಹೇಳಬೇಕೋ ಬೇಡವೋ ಅನ್ನುವುದನ್ನು ಮಾತ್ರ ಮಗು ಮತ್ತು ಮನೆಯವರು ನಿರ್ಧರಿಸಲಿ. ತಾನೇ ಆಟಿಸಂ ಇರುವ ವಿದ್ವಾಂಸ ಡೇಮಿಯನ್ ಮಿಲ್ಟನ್ 2012ರಲ್ಲಿ ಒಂದು ಮಾತು ಮುಂದಿಟ್ಟರು: ಆಟಿಸಂ ಇರುವವರಿಗೆ ಉಳಿದವರು ಅರ್ಥವಾಗದಷ್ಟೇ, ಉಳಿದವರಿಗೂ ಅವರು ಅರ್ಥವಾಗುವುದಿಲ್ಲ, ಕೊರತೆ ಎರಡೂ ಕಡೆಯದ್ದು. ಹಾಗಾಗಿ ಬೆರೆಯುವುದನ್ನು ಆ ಮಗುವಿಗೆ ಮಾತ್ರ ಕಲಿಸಿದರೆ ಸಾಲದು. ಹೇಗೆ ಆಟಕ್ಕೆ ಕರೆಯಬೇಕು, ಉತ್ತರಕ್ಕೆ ಹೇಗೆ ಕಾಯಬೇಕು, ಇದನ್ನು ಉಳಿದವರಿಗೂ ಕಲಿಸಿ. ಒಂದೇ ಮಗುವನ್ನು ದಿನಾ ಕಾವಲಿಗೆ ಹಾಕಬೇಡಿ, ಅದು ಆ ಮಗುವಿಗೂ ಭಾರ, ಇದಕ್ಕೂ ಅವಮಾನ. ಜೊತೆಗೆ ಕೂರುವ ಸಹಾಯಕರಿದ್ದರೆ ಅವರೂ ಅಂಟಿಕೊಂಡೇ ಕೂರದೆ, ಮಗು ತಾನೇ ಮಾಡುವ ಹೊತ್ತಿನಲ್ಲಿ ಹಿಂದೆ ಸರಿಯುತ್ತಾ ಹೋಗಬೇಕು.

ವರ್ಷ ಮುಗಿಯುವಾಗ

ನಿಮ್ಮ ನೋಟ್‌ಬುಕ್ಕಿನಿಂದ ಒಂದು ಪುಟ ಇಳಿಸಿ ಮುಂದಿನ ಕ್ಲಾಸ್ ಟೀಚರ್‌ಗೆ ಕೊಡಿ. ಯಾವ ಜಾಗದಲ್ಲಿ ಕೂತರೆ ಆರಾಮ, ಸಿಡಿಯುವ ಮುಂಚಿನ ಗುರುತು ಯಾವುದು, ಆಗ ಏನು ಮಾಡಿದರೆ ಇಳಿಯುತ್ತದೆ, ಏನು ಮಾಡಿದರೆ ಏರುತ್ತದೆ, ಯಾವ ಕಾರ್ಡ್ ಬಳಸುತ್ತದೆ, ಯಾವ ವಿಷಯ ಎತ್ತಿದರೆ ಮುಖ ಅರಳುತ್ತದೆ. ಸಾಧ್ಯವಾದರೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿಯೇ ಬರೆಯಿರಿ, ನಿಮ್ಮ ಪಟ್ಟಿಯಲ್ಲಿಲ್ಲದ್ದು ಒಂದಾದರೂ ಅದರ ಬಾಯಿಂದ ಬರುತ್ತದೆ. ರಜೆ ಶುರುವಾಗುವ ಮುಂಚೆ ಹೊಸ ಕ್ಲಾಸ್‌ರೂಮನ್ನು ಖಾಲಿ ಇರುವಾಗ ತೋರಿಸಿ, ಹೊಸ ಟೀಚರ್ ಜೊತೆ ಐದು ನಿಮಿಷ ಕೂರಿಸಿ. ರೂಮು, ಬಾಗಿಲು, ಟಾಯ್ಲೆಟ್‌ಗೆ ಹೋಗುವ ದಾರಿ, ಟೀಚರ್, ಇಷ್ಟರ ಫೋಟೋ ತೆಗೆದು ಮನೆಗೆ ಕಳಿಸಿ, ರಜೆಯಲ್ಲಿ ಬೇಕಾದಾಗಲೆಲ್ಲ ನೋಡಿಕೊಳ್ಳಲಿ.